ಹೊಗಳುವವನ ಋಣ

ಪುಣಜನೂರಿನಂತಹ ಕಾಡಂಚಿನ ಊರುಗಳಲ್ಲಿಯೂ ಈಗ ಜನರು ಅಂತರ್ಜಾಲದ ಮೂಲಕ ಪದಾರ್ಥಗಳನ್ನು ತರಿಸುವರು. ಮುಟ್ಟಿ ನೋಡುವಂತಿಲ್ಲ, ಅಪರಿಚಿತರ ವಿಮರ್ಶೆಯೇ ಪ್ರಮಾಣ. ವಸ್ತುವನ್ನು ಉಚಿತವಾಗಿ ಪಡೆದವನು ಆ ಸಂಗತಿಯನ್ನು ಮರೆಮಾಚಿ ಹೊಗಳಿದರೆ ಅದು ವಂಚನೆಯಲ್ಲದೆ ಮತ್ತೇನು? “ಪಡೆದರೂ ದಿಟವನ್ನೇ ನುಡಿದೆವು” ಎಂಬರು ಕೆಲವರು. ಆಗಲಿ, ಹಾಗಾದರೆ ಪಡೆದುದನ್ನು ಬಚ್ಚಿಡುವುದೇತಕ್ಕೆ? ನ್ಯಾಯಶಾಸ್ತ್ರದಲ್ಲಿ ಆಪ್ತನೆಂದರೆ ವಸ್ತುವನ್ನು ಇದ್ದಂತೆ ಅರಿತು, ಅರಿತಂತೆಯೇ ತಿಳಿಸಬಯಸುವವನು. ಅರ್ಧವನ್ನು ಮುಚ್ಚಿಟ್ಟವನು ಆಪ್ತನಲ್ಲ.

೨೦೨೨ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು, ವ್ಯಾಪಾರಿಯೊಡನೆ ತನಗಿರುವ ಸಂಬಂಧವನ್ನು ಪ್ರಚಾರಕನು ಪ್ರಕಟಿಸಬೇಕೆಂದು ವಿಧಿಸಿತು. ಅದೇ ವರ್ಷ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋ ಹೊರಡಿಸಿದ ಐಎಸ್ ೧೯೦೦೦ ಎಂಬ ಮಾನಕವಾದರೋ ಐಚ್ಛಿಕವಾಗಿಯೇ ಹೊರಟಿತು. ತಕ್ಕಡಿ ಸರಿಯಿರುವುದು ವರ್ತಕನ ಇಚ್ಛೆಗೆ ಬಿಟ್ಟ ವಿಷಯವೇ?

ವಾಚಕರು ಹೊಗಳಿಕೆಯನ್ನು ನಂಬುವ ಮುನ್ನ ಹೊಗಳಿದವನಿಗೆ ಯಾರ ಋಣವಿದೆಯೆಂದು ಕೇಳತಕ್ಕದ್ದು. ತಾವು ಬರೆಯುವಾಗ ತಮ್ಮ ಋಣವನ್ನು ಮೊದಲು ಹೇಳತಕ್ಕದ್ದು.