ಸನ್ಯಾಸಿಗಳ ಬಿಯರೂ ನಮ್ಮ ಅಡುಗೆಮನೆಯೂ

“ಮಾವ, ಸನ್ಯಾಸಿಗಳೇ ಬಿಯರ್ ತಯಾರಿಸುತ್ತಾರೆ. ಅವರಿಗೆ ತಟ್ಟದ ಪಾಪ ನಮಗೆ ಮಾತ್ರ ಹೇಗೆ ತಟ್ಟುತ್ತದೆ?”

ಕಳೆದ ಆಗಮನ ಕಾಲದ ಒಂದು ಭಾನುವಾರ ನನ್ನ ಸೋದರಳಿಯ ಕೇಳಿದ ಪ್ರಶ್ನೆ ಇದು. ಪೂಜೆ ಮುಗಿಸಿ ತಂಗಿಯ ಮನೆಗೆ ಹೋಗಿದ್ದೆ. ಕಂಪನಿಯ ಕೆಲಸದ ಮೇಲೆ ಆರು ತಿಂಗಳು ಬೆಲ್ಜಿಯಂನಲ್ಲಿದ್ದು ಮರಳಿದ್ದ ಹುಡುಗ, ಅಲ್ಲಿನ ಟ್ರ್ಯಾಪಿಸ್ಟ್ ಸನ್ಯಾಸಿಗಳ ಮಠವೊಂದರ ಬಾಗಿಲವರೆಗೂ ಹೋಗಿಬಂದಿದ್ದ. ಊಟದ ಮೇಜಿನ ಮೇಲೆ ಒಣಗಿಸಿದ ಹಾಪ್ಸ್ ಹೂವಿನ ಪೊಟ್ಟಣ, ಯೀಸ್ಟಿನ ಪುಟ್ಟ ಚೀಲ, ಮುಚ್ಚಳಕ್ಕೆ ಕೊಳವೆ ಜೋಡಿಸಿದ ದೊಡ್ಡ ಪ್ಲಾಸ್ಟಿಕ್ ಪಾತ್ರೆ ಹರಡಿದ್ದವು. ಮನೆಯಲ್ಲೇ ಬಿಯರ್ ತಯಾರಿಸಿ ಕ್ರಿಸ್ಮಸ್ ಹಬ್ಬಕ್ಕೆ ಬಂಧುಗಳಿಗೆ ಹಂಚುವುದು ಅವನ ಯೋಜನೆ. ಒಳಕೋಣೆಯಲ್ಲಿ ನನ್ನ ಭಾವ ದಿನಪತ್ರಿಕೆ ಓದುತ್ತ ಕುಳಿತಿದ್ದರು. ತಂಗಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಇದು ನನ್ನ ಅಳಿಯನೊಬ್ಬನ ಮಾತಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಮನೆಯಲ್ಲಿ ಬಿಯರ್ ತಯಾರಿಸುವುದು ಒಂದು ಹವ್ಯಾಸ, ಒಂದು ಕಲೆ, ಚಿತ್ರ ಬರೆಯುವಷ್ಟೇ ನಿರಪಾಯಕಾರಿ ಎಂಬ ಅಭಿಪ್ರಾಯ ನಮ್ಮ ಧರ್ಮಕೇಂದ್ರಗಳ ವಿದ್ಯಾವಂತ ಯುವಜನರಲ್ಲಿ ಬೆಳೆಯುತ್ತಿದೆ. ಅದನ್ನು ಸಮರ್ಥಿಸಲು ಅವರು ಸಂತರನ್ನೂ ಸನ್ಯಾಸಿಗಳನ್ನೂ ಸಾಕ್ಷಿಗೆ ಕರೆಯುತ್ತಾರೆ. ಆ ಸಾಕ್ಷಿಗಳನ್ನು ಪೂರ್ತಿಯಾಗಿ ಕೇಳಿಸಿಕೊಳ್ಳೋಣ ಎಂಬುದಷ್ಟೇ ನನ್ನ ಕೋರಿಕೆ.

ಮೊದಲು ನ್ಯಾಯವಾದ ಮಾತನ್ನು ಒಪ್ಪಿಕೊಳ್ಳಬೇಕು. ಹಿರಿಯರಾದ ನಾವು ಇಂಥ ಸಂದರ್ಭದಲ್ಲಿ ಕೂಡಲೇ ಹೇಳುವುದು “ಅದು ವಿಷ, ಕುಡಿದರೆ ಕಣ್ಣು ಹೋಗುತ್ತದೆ” ಎಂದು. 1981ರಲ್ಲಿ ಬೆಂಗಳೂರಿನಲ್ಲಿ ನೂರಾರು ಬಡವರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿಯ ದುರಂತ ನಮ್ಮ ತಲೆಮಾರಿನ ನೆನಪಿನಲ್ಲಿದೆ. ಆದರೆ ಅಲ್ಲಿ ಕೊಂದದ್ದು ಸಾರಾಯಿಗೆ ಬೆರೆಸಿದ ಮಿಥೈಲ್ ಆಲ್ಕೊಹಾಲ್. ಬಿಯರಿನ ವಿಷಯ ಬೇರೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಎರಡು ವಾರ ಬಿಟ್ಟರೆ ಸಕ್ಕರೆ ಮದ್ಯವಾಗುತ್ತದೆ. ಇದರಲ್ಲಿ ಭಟ್ಟಿ ಇಳಿಸುವ ಕೆಲಸವಿಲ್ಲ. ಪಾತ್ರೆ ಶುದ್ಧವಾಗಿಲ್ಲದಿದ್ದರೆ ಹುಳಿಯಾಗುತ್ತದೆ. ಹುದುಗುವಿಕೆ ಮುಗಿಯುವ ಮುನ್ನ ಬಾಟಲಿಗೆ ತುಂಬಿದರೆ ಬಾಟಲಿ ಸಿಡಿದು ಗಾಯವಾದೀತು. ಇವು ನಿಜವಾದ ಅಪಾಯಗಳು, ಎಚ್ಚರಿಕೆಯಿಂದ ತಪ್ಪಿಸಬಹುದಾದವು. ಸುಳ್ಳು ಹೆದರಿಕೆಯಿಂದ ಮಕ್ಕಳನ್ನು ತಡೆಯಲು ಹೋದರೆ, ಸುಳ್ಳು ಬಯಲಾದ ದಿನ ನಮ್ಮ ನಿಜವಾದ ಮಾತನ್ನೂ ಅವರು ನಂಬುವುದಿಲ್ಲ.

ಎರಡನೆಯ ಮಾತು ಕಾನೂನಿನದು. ಈ ಹವ್ಯಾಸವನ್ನು ಕಲಿಸುವ ಪುಸ್ತಕಗಳೆಲ್ಲ ಬಹುಮಟ್ಟಿಗೆ ಬ್ರಿಟನ್ ಮತ್ತು ಅಮೆರಿಕದಿಂದ ಬಂದವು. ಬ್ರಿಟನ್ನಿನಲ್ಲಿ 1963ರಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕೆಂಬ ನಿಯಮ ಹೋಯಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಕಾಯ್ದೆಯು ಮನೆಯೊಂದಕ್ಕೆ ವರ್ಷಕ್ಕೆ 200 ಗ್ಯಾಲನ್ ಮಿತಿಯಲ್ಲಿ ತೆರಿಗೆಯಿಲ್ಲದೆ ತಯಾರಿಸಲು ಅವಕಾಶ ಕೊಟ್ಟಿತು. ನಮ್ಮಲ್ಲಿ ಜಾರಿಯಲ್ಲಿರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. “ಯಾರು ನೋಡುತ್ತಾರೆ?” ಎಂದು ಅಳಿಯ ನಕ್ಕ. ಯಾರೂ ನೋಡದಿರುವಾಗ ಮಾಡುವುದೇ ನಮ್ಮ ನಡತೆ ಎಂದು ಧರ್ಮೋಪದೇಶದ ತರಗತಿಯಲ್ಲಿ ಅವನಿಗೆ ಕಲಿಸಿದವನು ನಾನೇ. ಆದರೆ ಇದಿಷ್ಟೇ ಆಗಿದ್ದರೆ, ನಾಳೆ ಕಾನೂನು ಬದಲಾದರೆ ನನ್ನ ಆಕ್ಷೇಪವೂ ಮುಗಿಯಬೇಕು. ಮುಗಿಯುವುದಿಲ್ಲ.

ಈಗ ಸನ್ಯಾಸಿಗಳ ಸಾಕ್ಷ್ಯಕ್ಕೆ ಬರೋಣ. ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠನಿಯಮದ ನಲವತ್ತನೆಯ ಅಧ್ಯಾಯದಲ್ಲಿ ಪಾನೀಯದ ಅಳತೆಯನ್ನು ಹೇಳಿದ್ದಾರೆ. ದಿನಕ್ಕೆ ಒಬ್ಬರಿಗೆ ಒಂದು ‘ಹೆಮಿನ’ ದ್ರಾಕ್ಷಾರಸ. ಅದು ಇಂದಿನ ಕಾಲು ಲೀಟರಿನ ಆಸುಪಾಸು ಎಂದು ಹಲವರ ಎಣಿಕೆ. ಅದನ್ನೂ ಅವರು ಸಂತೋಷದಿಂದ ಬರೆದವರಲ್ಲ. ಮದ್ಯ ಸನ್ಯಾಸಿಗೆ ತಕ್ಕದ್ದಲ್ಲ, ಆದರೆ ಈ ಕಾಲದವರನ್ನು ಒಪ್ಪಿಸುವುದು ಕಷ್ಟ, ಹಾಗಾಗಿ ಅಳತೆಯನ್ನಾದರೂ ಮೀರದಿರಲಿ ಎಂಬ ಧಾಟಿ ಅವರದು. ಸಂಪೂರ್ಣವಾಗಿ ಬಿಡುವ ಶಕ್ತಿ ಪಡೆದವರಿಗೆ ವಿಶೇಷ ಪ್ರತಿಫಲವಿದೆ ಎಂದೂ ಸೇರಿಸಿದರು. ಇದು ಕುಡಿತಕ್ಕೆ ಕೊಟ್ಟ ಅನುಮತಿಪತ್ರವೇ? ನನಗೆ ಇದು ಕುಡಿತಕ್ಕೆ ಕಟ್ಟಿದ ಬೇಲಿಯಂತೆ ಕಾಣುತ್ತದೆ.

ಟ್ರ್ಯಾಪಿಸ್ಟರ ಕಥೆಯೂ ಹಾಗೆಯೇ. ಅವರ ಬಿಯರಿಗೆ ‘ಟ್ರ್ಯಾಪಿಸ್ಟ್’ ಎಂಬ ಮುದ್ರೆ ಬೀಳಬೇಕಾದರೆ ಅದು ಮಠದ ಆವರಣದಲ್ಲೇ, ಸನ್ಯಾಸಿಗಳ ಮೇಲ್ವಿಚಾರಣೆಯಲ್ಲೇ ತಯಾರಾಗಬೇಕು. ಬಂದ ಹಣ ಮಠದ ಜೀವನಕ್ಕೂ ದಾನಧರ್ಮಕ್ಕೂ ಸಲ್ಲಬೇಕು, ಲಾಭವೇ ಗುರಿಯಾಗಕೂಡದು. 2021ರಲ್ಲಿ ಬೆಲ್ಜಿಯಂನ ಆಖೆಲ್ ಮಠದಲ್ಲಿ ಸನ್ಯಾಸಿಗಳೇ ಉಳಿಯದಾದಾಗ, ಬಿಯರ್ ಅದೇ ಆಗಿದ್ದರೂ ಮುದ್ರೆ ಹೋಯಿತು. ವೆಸ್ಟ್‌ವ್ಲೆಟೆರೆನ್ ಮಠದ ಬಿಯರ್ 2005ರಲ್ಲಿ ಜಗತ್ತಿನಲ್ಲೇ ಶ್ರೇಷ್ಠವೆಂದು ಹೆಸರಾಗಿ ಬಾಗಿಲಲ್ಲಿ ವಾಹನಗಳ ಸಾಲು ನಿಂತಿತು. ಆಗಲೂ ಸನ್ಯಾಸಿಗಳು ಉತ್ಪಾದನೆ ಹೆಚ್ಚಿಸಲಿಲ್ಲ; ಪ್ರಾರ್ಥನೆಯ ಬದುಕಿಗೆ ಬೇಕಾದಷ್ಟು ಮಾತ್ರ ಸಂಪಾದನೆ ಸಾಕೆಂದರು. ಇನ್ನೊಂದು ಸಂಗತಿ ನನ್ನ ಅಳಿಯನಿಗೂ ಗೊತ್ತಿರಲಿಲ್ಲ. ಮಠಗಳು ಮಾರುವ ಬಿಯರ್ ಬಹುಪಾಲು ಕಟುವಾದದ್ದು. ಸನ್ಯಾಸಿಗಳು ತಮ್ಮ ಊಟದ ಮೇಜಿಗೆಂದು ತಯಾರಿಸಿಕೊಳ್ಳುತ್ತ ಬಂದದ್ದು ಅದಕ್ಕಿಂತ ತೆಳುವಾದದ್ದು.

ಈಗ ಹೇಳಿ, ಇವರಿಂದ ನಾವು ಅನುಕರಿಸಹೊರಟಿರುವುದು ಏನನ್ನು? ದಿನಕ್ಕೆ ಏಳು ಬಾರಿ ಪ್ರಾರ್ಥನೆಯನ್ನು ಬಿಟ್ಟೆವು, ಮೌನವನ್ನು ಬಿಟ್ಟೆವು, ದೈಹಿಕ ದುಡಿಮೆಯನ್ನು ಬಿಟ್ಟೆವು, ಅಳತೆಯನ್ನು ಬಿಟ್ಟೆವು. ಉಳಿದದ್ದು ಬಿಯರ್ ಒಂದೇ.

ಅಳತೆಯ ಮಾತು ಬಂದದ್ದರಿಂದ ಒಂದು ಲೆಕ್ಕ ಮಾಡೋಣ. ಮನೆಯಲ್ಲಿ ತಯಾರಿಸುವವರು ಸಾಮಾನ್ಯವಾಗಿ ಒಂದು ಸಲಕ್ಕೆ ಹಾಕುವುದು ಇಪ್ಪತ್ತು ಲೀಟರ್. ನಾಲ್ಕೈದು ಕಿಲೋ ಮಾಲ್ಟಿನಿಂದ ಅಷ್ಟು ಬರುತ್ತದೆ. ನಮ್ಮ ಊರಿನ 650 ಮಿಲಿಲೀಟರಿನ ಬಾಟಲಿಗೆ ತುಂಬಿದರೆ ಮೂವತ್ತು ಬಾಟಲಿ. ಹವ್ಯಾಸಿ ತಿಂಗಳಿಗೊಮ್ಮೆ ಪಾತ್ರೆ ಏರಿಸಿದರೆ ದಿನಕ್ಕೊಂದು ಬಾಟಲಿಯಾಯಿತು. ಇದನ್ನು ಕುಡಿಯುವವರು ಯಾರು? ಉಪ್ಪಿನಕಾಯಿಯಂತೆ ವರ್ಷಗಟ್ಟಲೆ ಇಡುವ ಪದಾರ್ಥ ಇದಲ್ಲ. ಬಹುತೇಕ ಬಿಯರ್ ತಾಜಾ ಇದ್ದಾಗಲೇ ರುಚಿ. ಅಂಗಡಿಗೆ ಹೋಗಿ ತರುವವನಿಗೆ ದಾರಿಯ ದೂರ, ಜೇಬಿನ ಹಣ, ನೆರೆಯವರ ಕಣ್ಣು ಎಂಬ ಮೂರು ತಡೆಗಳಾದರೂ ಇವೆ. ಮನೆಯೊಳಗೇ ಮೂವತ್ತು ಬಾಟಲಿ ಇದ್ದವನಿಗೆ ಯಾವ ತಡೆಯಿದೆ? 1988ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮದ್ಯಪಾನವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು; 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು ಹೇಳಿತು. ಮನೆಯಲ್ಲಿ ತಯಾರಿಸಿದ ಮಾತ್ರಕ್ಕೆ ಮದ್ಯದ ಗುಣ ಬದಲಾಗುವುದಿಲ್ಲ.

ಸಂತರನ್ನು ಸಾಕ್ಷಿಗೆ ಕರೆಯುವವರು ಡಬ್ಲಿನ್ನಿನ ಪೂಜ್ಯ ಮ್ಯಾಟ್ ಟಾಲ್ಬಟ್ ಅವರನ್ನೂ ಕರೆಯಲಿ. 1856ರಲ್ಲಿ ಬಡಕುಟುಂಬದಲ್ಲಿ ಹುಟ್ಟಿದ ಅವರು ಹನ್ನೆರಡರ ವಯಸ್ಸಿಗೇ ಮದ್ಯದ ವ್ಯಾಪಾರಿಯೊಬ್ಬರ ಬಾಟಲಿ ತುಂಬುವ ಮಳಿಗೆಯಲ್ಲಿ ಕೆಲಸಕ್ಕೆ ಸೇರಿದರು. ಕೈಗೆಟಕುವಂತಿದ್ದದ್ದನ್ನು ರುಚಿ ನೋಡುತ್ತ ನೋಡುತ್ತ ಕುಡುಕರಾದರು. ಹದಿನಾರು ವರ್ಷ ಆ ನರಕದಲ್ಲಿದ್ದು, 1884ರಲ್ಲಿ ಮದ್ಯ ಬಿಡುವ ಪ್ರತಿಜ್ಞೆ ಮಾಡಿದರು. ಮೊದಲು ಮೂರು ತಿಂಗಳಿಗೆ, ಆಮೇಲೆ ಜೀವನಪರ್ಯಂತ. ಧರ್ಮಸಭೆ 1975ರಲ್ಲಿ ಅವರನ್ನು ಪೂಜ್ಯರೆಂದು ಸಾರಿತು. ಆ ಹನ್ನೆರಡರ ಹುಡುಗನ ಬದುಕು ಹಾಳಾಗಲು ಕೆಟ್ಟ ಗುಣ ಬೇಕಾಗಲಿಲ್ಲ. ಬಾಟಲಿ ಕೈಯಳತೆಯಲ್ಲಿದ್ದದ್ದೇ ಸಾಕಾಯಿತು.

ಒಳಕೋಣೆಯಲ್ಲಿ ದಿನಪತ್ರಿಕೆ ಓದುತ್ತಿದ್ದ ನನ್ನ ಭಾವನ ವಿಷಯವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರು ಕುಡಿತ ಬಿಟ್ಟು ಹನ್ನೊಂದು ವರ್ಷವಾಯಿತು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಆ ಮನೆಯಲ್ಲಿ ಏನೇನಾಯಿತೆಂದು ಅಳಿಯನಿಗೆ ಗೊತ್ತು. ಆಗ ಅವನು ಹೈಸ್ಕೂಲಿನ ಹುಡುಗ. ಇಂದಿಗೂ ಭಾವ ಪ್ರತಿವಾರ ಚರ್ಚಿನ ಆವರಣದಲ್ಲಿ ನಡೆಯುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗುತ್ತಾರೆ. ಹುದುಗುವ ಪಾತ್ರೆಯನ್ನು ಇಡಲು ಅಳಿಯ ಆರಿಸಿದ್ದ ತಂಪಾದ ಮೂಲೆ ಅವರ ಮಂಚದಿಂದ ಎಂಟು ಹೆಜ್ಜೆ. ಎರಡು ವಾರ ಆ ವಾಸನೆಯಲ್ಲಿ ಅವರು ಮಲಗಬೇಕಿತ್ತು. ಅವರು ಬೇಡವೆನ್ನಲಿಲ್ಲ; ಬೇಡವೆಂದರೆ ಮಗನ ಸಂತೋಷಕ್ಕೆ ಅಡ್ಡಬಂದಂತೆ, ತಮ್ಮ ದೌರ್ಬಲ್ಯವನ್ನು ಮತ್ತೆ ಮನೆಯ ನಡುವೆ ಇಟ್ಟಂತೆ ಎಂದುಕೊಂಡರು. ತಂಗಿ ಅಡುಗೆಮನೆಯಿಂದ ಹೊರಬರದಿದ್ದುದರ ಅರ್ಥವೂ ಅದೇ.

ಸಹೋದರನು ಎಡವುವಂತಾದರೆ ಮಾಂಸವನ್ನೂ ದ್ರಾಕ್ಷಾರಸವನ್ನೂ ಬಿಡುವುದೇ ಲೇಸೆಂದು ಸಂತ ಪೌಲರು ರೋಮಿನವರಿಗೆ ಬರೆದರು. ದ್ರಾಕ್ಷಾರಸ ಪಾಪವೆಂದು ಅವರು ಹೇಳಲಿಲ್ಲ. ನಾನೂ ಹೇಳುತ್ತಿಲ್ಲ. ನನ್ನ ಪ್ರಶ್ನೆ “ಇದು ಪಾಪವೇ?” ಎಂಬುದಲ್ಲ, “ಈ ಮನೆಯಲ್ಲಿ ಯಾರಿದ್ದಾರೆ?” ಎಂಬುದು.

ಇಷ್ಟು ಹೇಳಿದ ಮೇಲೆ ಅಳಿಯ ತನ್ನ ಕಡೆಯ ಬಾಣ ಬಿಟ್ಟ. “ಹಾಗಾದರೆ ಮಾವ, ನಿಮ್ಮ ಮನೆಯ ಕ್ರಿಸ್ಮಸ್ ವೈನ್?” ಆ ಬಾಣ ಸರಿಯಾಗಿ ನಾಟಿತು. ಪ್ರತಿವರ್ಷ ನವೆಂಬರಿನಲ್ಲಿ ನಮ್ಮ ಮನೆಯಲ್ಲೂ ಪಿಂಗಾಣಿ ಜಾಡಿಗೆ ಕಪ್ಪುದ್ರಾಕ್ಷಿ, ಸಕ್ಕರೆ, ಚಕ್ಕೆ, ಲವಂಗ, ಒಂದು ಹಿಡಿ ಗೋಧಿ, ಯೀಸ್ಟ್ ಸೇರುತ್ತವೆ. ಅಜ್ಜಿಯ ಕಾಲದಿಂದ ಬಂದ ಪದ್ಧತಿ. ಬಿಯರಿಗೆ ಅನ್ವಯಿಸುವ ಕಾನೂನು ಇದಕ್ಕೂ ಅನ್ವಯಿಸುತ್ತದೆ. ಹಬ್ಬದ ದಿನ ಆ ಲೋಟವನ್ನು ಎಳೆಯ ಮಕ್ಕಳ ಕೈಗೂ “ಒಂದು ಗುಟುಕು” ಎಂದು ಕೊಡುವವರು ನಾವು. ಸಂಪ್ರದಾಯವೆಂಬ ಹೆಸರು ನಮ್ಮ ಜಾಡಿಗೆ, ಹವ್ಯಾಸವೆಂಬ ಹೆಸರು ಅವನ ಪಾತ್ರೆಗೆ. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಇದ್ದದ್ದು ನನ್ನ ತಂಗಿಯಲ್ಲಿ. ಭಾವ ಕುಡಿತ ಬಿಟ್ಟ ವರ್ಷದಿಂದ ಅವಳು ವೈನಿನ ಜಾಡಿಯನ್ನು ಬೋರಲು ಹಾಕಿದ್ದಾಳೆ. ಹಬ್ಬಕ್ಕೆ ಹೋದ ನಾವೆಲ್ಲ ಅವಳ ದ್ರಾಕ್ಷಿ ಪಾನಕ ಕುಡಿದು, “ಇದೆಂಥ ಕ್ರಿಸ್ಮಸ್?” ಎಂದು ಹಾಸ್ಯ ಮಾಡಿದ್ದೇವೆ. ಅವಳು ಒಮ್ಮೆಯೂ ಕಾರಣ ಹೇಳಲಿಲ್ಲ, ಉಪದೇಶ ಮಾಡಲಿಲ್ಲ. ಕಾನಾ ಊರಿನ ಮದುವೆಯನ್ನು ಕುಡಿತದ ಸಮರ್ಥನೆಗೆ ಬಳಸುವವರು, ಅಲ್ಲಿ ಆತಿಥೇಯರ ಕೊರತೆಯನ್ನು ಮೊದಲು ಕಂಡವರು ಮಾತೆ ಮರಿಯಮ್ಮನವರು ಎಂಬುದನ್ನು ಮರೆಯುತ್ತಾರೆ. ಆ ಮನೆಗೆ ಅಂದು ಬೇಕಿದ್ದದ್ದು ದ್ರಾಕ್ಷಾರಸ. ನನ್ನ ತಂಗಿಯ ಮನೆಗೆ ಬೇಕಿರುವುದು ಅದಿಲ್ಲದ ಹಬ್ಬ.

ಇದು ಅತಿಯಾಯಿತೆನ್ನುವವರಿಗೆ ಪೂಜಾಪೀಠವನ್ನೇ ತೋರಿಸುತ್ತೇನೆ. ಬಲಿಪೂಜೆಗೆ ದ್ರಾಕ್ಷಾರಸ ಬೇಕೇ ಬೇಕು. ಅದರಲ್ಲಿ ಧರ್ಮಸಭೆ ರಾಜಿಯಾಗುವುದಿಲ್ಲ. ಆದರೂ ಮದ್ಯವನ್ನು ಸ್ವಲ್ಪವೂ ಸೇವಿಸಲಾಗದ ಗುರುಗಳಿಗೆ ‘ಮುಸ್ತುಮ್’, ಅಂದರೆ ಹುದುಗುವಿಕೆಯನ್ನು ಆರಂಭದಲ್ಲೇ ತಡೆದ ಶುದ್ಧ ದ್ರಾಕ್ಷಿರಸವನ್ನು, ಬಳಸಲು ಧರ್ಮಾಧ್ಯಕ್ಷರು ಅನುಮತಿ ನೀಡಬಹುದು. 2003ರಲ್ಲಿ ರೋಮ್ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಪರಮ ಪವಿತ್ರವಾದ ಸ್ಥಳದಲ್ಲೇ ಧರ್ಮಸಭೆ ಒಬ್ಬ ದುರ್ಬಲನಿಗಾಗಿ ಜಾಗ ಬಿಟ್ಟುಕೊಟ್ಟಿದೆ. ನಮ್ಮ ಅಡುಗೆಮನೆ ಅದಕ್ಕಿಂತ ಪವಿತ್ರವೇ?

ಪ್ರಿಯ ಯುವಜನರೇ, ಹುದುಗುವಿಕೆ ಅದ್ಭುತವಾದ ವಿದ್ಯೆ. ಪಾಶ್ಚರ್ ಬಿಯರನ್ನು ಅಭ್ಯಸಿಸಿ 1876ರಲ್ಲಿ ಗ್ರಂಥವನ್ನೇ ಬರೆದರು. ಆ ಕುತೂಹಲವನ್ನು ನಾನು ಹೀಗಳೆಯುವುದಿಲ್ಲ. ಬ್ರೆಡ್ಡಿನ ಹಿಟ್ಟಿನಲ್ಲೂ ಅದೇ ಯೀಸ್ಟ್ ಕೆಲಸ ಮಾಡುತ್ತದೆ, ಕೈಪಳಗಿಸಿಕೊಳ್ಳಿ. ಹಿರಿಯರೇ, ಮಕ್ಕಳನ್ನು ಗದರಿಸುವ ಮೊದಲು ನಮ್ಮ ಜಾಡಿಗಳ ಮುಚ್ಚಳ ತೆಗೆದು ನೋಡೋಣ. ಹಬ್ಬಕ್ಕೆ ಕರೆಯುವ ನೆಂಟರಲ್ಲಿ ಹೇಳಿಕೊಳ್ಳದೆ ಹೋರಾಡುತ್ತಿರುವವರು ಒಬ್ಬರಾದರೂ ಇರುತ್ತಾರೆ; ಯಾರೆಂದು ನಮಗೆ ತಿಳಿದಿರುವುದಿಲ್ಲ.

ಅಳಿಯ ನನ್ನ ವಾದವನ್ನೆಲ್ಲ ಒಪ್ಪಿದನೆಂದು ಹೇಳಲಾರೆ. ಸನ್ಯಾಸಿಗಳ ವಿಷಯದಲ್ಲಿ ಅವನಿಗಿನ್ನೂ ತಕರಾರಿದೆ. ಆದರೆ ಅಂದು ಸಂಜೆ ಮೇಜಿನ ಮೇಲಿದ್ದ ಸಾಮಾನನ್ನೆಲ್ಲ ಅವನೇ ಕಟ್ಟಿಟ್ಟ. ಕಟ್ಟುವಾಗ ಒಳಕೋಣೆಯ ಕಡೆ ಒಮ್ಮೆ ನೋಡಿದ. ಬರುವ ಆಗಮನ ಕಾಲಕ್ಕೆ ನಮ್ಮ ಮನೆಯ ಜಾಡಿಯೂ ಬೋರಲಾಗಿರುತ್ತದೆ. ಪಾನಕದ ಅಳತೆಯನ್ನು ತಂಗಿಯಿಂದ ಬರೆಸಿಕೊಂಡು ಬಂದಿದ್ದೇನೆ.