ಒಂದೇ ವೇದಿಕೆ, ಎರಡು ಅಳತೆಗೋಲು

2004ರ ಫೆಬ್ರುವರಿ 1. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಸೂಪರ್ ಬೌಲ್ ಪಂದ್ಯ. ನಮಗೆ ಐಪಿಎಲ್ ಫೈನಲ್ ಹೇಗೋ ಅವರಿಗೆ ಅದು ಹಾಗೆ. ವಿರಾಮದ ವೇಳೆಯ ಕಾರ್ಯಕ್ರಮದಲ್ಲಿ ಗಾಯಕಿ ಜಾನೆಟ್ ಜಾಕ್ಸನ್ ಜೊತೆ ಜಸ್ಟಿನ್ ಟಿಂಬರ್‌ಲೇಕ್ ಹಾಡುತ್ತಿದ್ದರು. ಹಾಡಿನ ಕೊನೆಗೆ ಜಸ್ಟಿನ್ ಕೈಚಾಚಿ ಜಾನೆಟ್ ಅವರ ಉಡುಪಿನ ಒಂದು ಭಾಗವನ್ನು ಎಳೆದರು. ಅದು ಕಿತ್ತುಬಂತು. ಎದೆ ಕಾಣಿಸಿತು. ಟಿ.ವಿ.ಯಲ್ಲಿ ಆ ದೃಶ್ಯ ಇದ್ದದ್ದು ಒಂದು ಸೆಕೆಂಡಿನ ಹದಿನಾರರಲ್ಲಿ ಒಂಬತ್ತು ಭಾಗದಷ್ಟು ಹೊತ್ತು.

ಅಷ್ಟಕ್ಕೇ ಅಲ್ಲಿನ ಸಂವಹನ ಆಯೋಗಕ್ಕೆ 5 ಲಕ್ಷಕ್ಕೂ ಹೆಚ್ಚು ದೂರುಗಳು ಬಂದವು. ಪಂದ್ಯ ಪ್ರಸಾರ ಮಾಡಿದ ಸಿಬಿಎಸ್ ವಾಹಿನಿಗೆ 5.5 ಲಕ್ಷ ಡಾಲರ್ ದಂಡ ಬಿತ್ತು. ಕೆಲವು ವರ್ಷಗಳ ಬಳಿಕ ಕೋರ್ಟು ಆ ದಂಡವನ್ನು ರದ್ದು ಮಾಡಿತು. ಜಾನೆಟ್ ಅವರ ವೃತ್ತಿಗೆ ಬಿದ್ದ ಪೆಟ್ಟನ್ನು ಮಾತ್ರ ಯಾವ ಕೋರ್ಟೂ ರದ್ದು ಮಾಡಲಿಲ್ಲ. ಒಂದು ವಾರದ ನಂತರ ನಡೆದ ಗ್ರ್ಯಾಮಿ ಸಮಾರಂಭದಲ್ಲಿ ಅವರು ಇರಲಿಲ್ಲ. ಜಸ್ಟಿನ್ ಬಂದರು, ನಡೆದದ್ದಕ್ಕೆ ಕ್ಷಮೆ ಕೇಳಿದರು, ಎರಡು ಪ್ರಶಸ್ತಿ ಪಡೆದು ಹೋದರು. 2018ರಲ್ಲಿ ಅದೇ ಸೂಪರ್ ಬೌಲ್ ವೇದಿಕೆಗೆ ಮುಖ್ಯ ಗಾಯಕರಾಗಿ ಮರಳಿದರು. ಜಾನೆಟ್ ಹೆಸರು ಹೇಳಿ ಅವರು ಬಹಿರಂಗವಾಗಿ ಕ್ಷಮೆ ಕೋರಿದ್ದು 2021ರಲ್ಲಿ, ಅಂದರೆ 17 ವರ್ಷಗಳ ನಂತರ. ಎಳೆದ ಕೈ ಬಿಳಿಯ ಗಂಡಸಿನದು, ಬಯಲಾದ ಮೈ ಕಪ್ಪು ಹೆಣ್ಣಿನದು. ಲೆಕ್ಕ ಯಾರ ಹೆಸರಿಗೆ ಬರೆಯಲಾಯಿತು ನೋಡಿ.

ನಾವೆಲ್ಲ ಪರೀಕ್ಷೆಯ ಹಿಂದಿನ ರಾತ್ರಿ ಒಂದು ಇಡೀ ಸಬ್ಜೆಕ್ಟ್ ಕಲಿಯುವ ಯೂಟ್ಯೂಬ್‌ಗೂ ಈ ಘಟನೆಗೂ ನಂಟಿದೆ. ಆ ದೃಶ್ಯದ ವಿಡಿಯೊ, ಅದೇ ವರ್ಷದ ಸುನಾಮಿಯ ವಿಡಿಯೊ ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗದೆ ಹೋದದ್ದೂ ತಮ್ಮ ಯೋಚನೆಗೆ ಒಂದು ಕಾರಣ ಎಂದು ಯೂಟ್ಯೂಬ್ ಸ್ಥಾಪಕರಲ್ಲಿ ಒಬ್ಬರಾದ ಜಾವೆದ್ ಕರೀಂ ಹೇಳಿದ್ದಾರೆ. ಜನ ದೂರು ಕೊಟ್ಟದ್ದೂ ಅದನ್ನೇ, ಮತ್ತೆ ಮತ್ತೆ ಹುಡುಕಿ ನೋಡಿದ್ದೂ ಅದನ್ನೇ!

‘ಇದು ಗಂಡು–ಹೆಣ್ಣಿನ ಭೇದ ಅಷ್ಟೇ ತಾನೆ, ಇದರಲ್ಲಿ ಬಣ್ಣ ಯಾಕೆ ತರಬೇಕು?’ ಎಂದು ನೀವು ಕೇಳಬಹುದು. ಗಂಡು–ಹೆಣ್ಣಿನ ಭೇದ ಇದ್ದೇ ಇದೆ. ಗಾಯಕಿ ಮಡೋನಾ 1992ರಲ್ಲಿ ತಮ್ಮ ನಗ್ನಚಿತ್ರಗಳ ಪುಸ್ತಕ ತಂದಾಗ ಅವರಿಗೂ ಬೈಗುಳ ಬಂತು. ಆದರೆ ಬೈಸಿಕೊಂಡದ್ದು ಮಡೋನಾ ಒಬ್ಬರೇ. ‘ಬಿಳಿಯ ಹೆಂಗಸರೆಲ್ಲ ಹೀಗೆಯೇ’ ಎಂದು ಯಾರೂ ತೀರ್ಮಾನಿಸಲಿಲ್ಲ. ಕಪ್ಪು ಹೆಣ್ಣು ತನ್ನ ದೇಹದ ಬಗ್ಗೆ, ತನ್ನ ಆಸೆಯ ಬಗ್ಗೆ ಬಾಯಿ ಬಿಟ್ಟರೆ ಅದು ಅವಳ ಇಡೀ ಜನಾಂಗದ ಗುಣವಾಗಿಬಿಡುತ್ತದೆ. ಯಾಕೆ ಹೀಗೆ ಎಂದು ಹುಡುಕುತ್ತಾ ಹೋದರೆ ಗುಲಾಮಗಿರಿಯ ಕಾಲದ ಕಾನೂನು ಪುಸ್ತಕಗಳ ಹತ್ತಿರ ಹೋಗಿ ನಿಲ್ಲುತ್ತೇವೆ.

1662ರಲ್ಲಿ ವರ್ಜೀನಿಯಾ ವಸಾಹತು ಒಂದು ಕಾಯ್ದೆ ಮಾಡಿತು. ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಿಂದ ತೀರ್ಮಾನವಾಗುತ್ತದೆ ಎಂದಿತು. ತಂದೆ ಯಾರಾದರೂ ಸರಿ. ಇದರ ಅರ್ಥ, ಮಾಲೀಕ ತನ್ನ ಗುಲಾಮ ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದರೆ ಅವನಿಗೆ ಶಿಕ್ಷೆ ಇಲ್ಲ, ಹುಟ್ಟುವ ಮಗು ಅವನ ಆಸ್ತಿಗೆ ಸೇರ್ಪಡೆ. 1859ರಲ್ಲಿ ಮಿಸಿಸಿಪ್ಪಿಯ ಉನ್ನತ ನ್ಯಾಯಾಲಯದ ಮುಂದೆ 10 ವರ್ಷ ತುಂಬದ ಗುಲಾಮ ಬಾಲಕಿಯ ಮೇಲಿನ ಅತ್ಯಾಚಾರದ ಪ್ರಕರಣ ಬಂತು. ಆರೋಪಿಯೂ ಗುಲಾಮನೇ. ಗುಲಾಮರ ನಡುವೆ ಇಂಥ ಅಪರಾಧವನ್ನು ಕಾನೂನು ಗುರುತಿಸುವುದಿಲ್ಲ ಎಂದು ಹೇಳಿ ನ್ಯಾಯಾಲಯ ಅವನ ಶಿಕ್ಷೆಯನ್ನು ರದ್ದು ಮಾಡಿತು.

ಸೀಲಿಯಾ ಎಂಬ ಹುಡುಗಿಯ ಪ್ರಕರಣವನ್ನು ಓದಿದ ದಿನ ನನಗೆ ಬೇರೇನೂ ಓದಲಾಗಲಿಲ್ಲ. ಮಿಸೌರಿ ರಾಜ್ಯದ ಜಮೀನ್ದಾರ ರಾಬರ್ಟ್ ನ್ಯೂಸಮ್ 1850ರಲ್ಲಿ ಅವಳನ್ನು ಕೊಂಡಾಗ ಅವಳಿಗೆ ಸುಮಾರು 14 ವರ್ಷ. ಐದು ವರ್ಷ ಅವನು ಅವಳ ಮೇಲೆ ಅತ್ಯಾಚಾರ ಮಾಡಿದ. 1855ರ ಜೂನ್‌ನ ಒಂದು ರಾತ್ರಿ, ಮತ್ತೆ ಅವಳ ಗುಡಿಸಲಿಗೆ ಬಂದವನನ್ನು ಅವಳು ದೊಣ್ಣೆಯಿಂದ ಹೊಡೆದು ಕೊಂದಳು. ‘ಯಾವುದೇ ಮಹಿಳೆ’ಯನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಬಲವಂತ ಮಾಡುವುದು ಅಪರಾಧ ಎಂದು ಮಿಸೌರಿಯ ಕಾನೂನಿನಲ್ಲೇ ಇತ್ತು. ಅವಳ ವಕೀಲರು ಅದನ್ನೇ ಹಿಡಿದರು. ‘ಯಾವುದೇ ಮಹಿಳೆ’ ಎಂದರೆ ಅದರಲ್ಲಿ ಸೀಲಿಯಾ ಕೂಡ ಸೇರುತ್ತಾಳಲ್ಲವೇ? ನ್ಯಾಯಾಧೀಶರು ಆ ವಾದವನ್ನು ಜ್ಯೂರಿಯ ಮುಂದೆ ಇಡಲು ಒಪ್ಪಲಿಲ್ಲ. 1855ರ ಡಿಸೆಂಬರ್ 21ರಂದು ಅವಳನ್ನು ಗಲ್ಲಿಗೇರಿಸಲಾಯಿತು. ಆಗ ಅವಳಿಗೆ ಹೆಚ್ಚುಕಡಿಮೆ 19, ನನಗಿಂತ ಒಂದು ವರ್ಷ ಚಿಕ್ಕವಳು. ಆ ರಾಜ್ಯದ ಗವರ್ನರ್ ಅವಳಿಗೆ ಕ್ಷಮಾದಾನ ಕೊಟ್ಟದ್ದು 2024ರ ಡಿಸೆಂಬರ್‌ನಲ್ಲಿ.

ಇಂಥ ಕಾನೂನಿನ ಜೊತೆಗೇ ಒಂದು ಕಥೆಯನ್ನೂ ಕಟ್ಟಲಾಯಿತು. ಕಪ್ಪು ಹೆಣ್ಣು ಹುಟ್ಟಿನಿಂದಲೇ ಕಾಮುಕಿ, ಅವಳು ಯಾವಾಗಲೂ ಒಪ್ಪುವವಳೇ, ಹಾಗಾಗಿ ಅವಳ ಮೇಲೆ ಅತ್ಯಾಚಾರ ಸಾಧ್ಯವೇ ಇಲ್ಲ ಎಂಬ ಕಥೆ. ಬೈಬಲ್‌ನ ಒಬ್ಬ ರಾಣಿಯ ಹೆಸರಿನಲ್ಲಿ ಇದನ್ನು ‘ಜೆಜೆಬೆಲ್’ ಎಂದು ಕರೆಯುತ್ತಾರೆ. ಅವಳ ‘ಬೇಡ’ಕ್ಕೆ ಬೆಲೆ ಇಲ್ಲದಂತೆ ಮಾಡಿದ್ದೇ ಈ ಕಥೆ. ಇವತ್ತು ಅವಳು ‘ಬೇಕು’ ಎಂದರೆ ‘ನೋಡಿ, ನಾವು ಹೇಳಿರಲಿಲ್ಲವೇ?’ ಎಂದು ಬೆರಳು ತೋರಿಸುವುದೂ ಇದೇ ಕಥೆ. ಎರಡೂ ಕಡೆ ಅವಳಿಗೇ ಸೋಲು. ಹೀಗಿರುವಾಗ ಕಪ್ಪು ಹೆಣ್ಣುಮಕ್ಕಳ ಲೈಂಗಿಕ ಸ್ವಾತಂತ್ರ್ಯ ಎಂದರೆ ತುಂಡು ಬಟ್ಟೆಯ ಪ್ರಶ್ನೆ ಎಂದುಕೊಂಡರೆ ನಾವು ಏನನ್ನೂ ಅರ್ಥ ಮಾಡಿಕೊಂಡಂತಾಗುವುದಿಲ್ಲ.

ಗುಲಾಮಗಿರಿ ಹೋದ ಮೇಲೆ ಈ ಕಳಂಕದಿಂದ ತಪ್ಪಿಸಿಕೊಳ್ಳಲು ಕಪ್ಪು ಸಮುದಾಯವೇ ಒಂದು ದಾರಿ ಹುಡುಕಿಕೊಂಡಿತು. ಮರ್ಯಾದಸ್ಥರಾಗಿ ನಡೆದುಕೊಳ್ಳೋಣ, ಯಾರೂ ಬೆರಳು ತೋರಿಸದಂತೆ ಬದುಕೋಣ ಎಂಬುದು ಆ ದಾರಿ. 1896ರಲ್ಲಿ ಶುರುವಾದ ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘಟನೆ ಶಾಲೆ, ಶಿಶುವಿಹಾರಗಳ ಕೆಲಸದ ಜೊತೆಗೆ ಈ ಶೀಲದ ಪಾಠವನ್ನೂ ಹೇಳಿತು. ಇತಿಹಾಸಕಾರ್ತಿ ಎವೆಲಿನ್ ಬ್ರೂಕ್ಸ್ ಹಿಗಿನ್‌ಬಾಥಮ್ 1993ರಲ್ಲಿ ಇದಕ್ಕೆ ‘ಗೌರವಸ್ಥಿಕೆಯ ರಾಜಕಾರಣ’ ಎಂಬ ಅರ್ಥ ಬರುವ ಹೆಸರು ಕೊಟ್ಟರು. ಬೈಯುವುದು ಸುಲಭ. ಆದರೆ ಸೀಲಿಯಾಳಿಗೆ ಆದದ್ದನ್ನು ಕಂಡವರ ಮೊಮ್ಮಕ್ಕಳಿಗೆ ಬೇರೆ ಯಾವ ಗುರಾಣಿ ಇತ್ತು?

ಆ ಗುರಾಣಿ ಎಲ್ಲರನ್ನೂ ಕಾಯಲಿಲ್ಲ ಎಂಬುದೂ ನಿಜ. ಮಾಂಟ್‌ಗೊಮರಿಯ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಹೆಸರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಎಲ್ಲರಿಗೂ ಗೊತ್ತು. ಅವರಿಗಿಂತ ಒಂಬತ್ತು ತಿಂಗಳ ಮೊದಲು, 1955ರ ಮಾರ್ಚ್ 2ರಂದು, ಅದೇ ಊರಿನ ಬಸ್ಸಿನಲ್ಲಿ ಅದೇ ಕೆಲಸ ಮಾಡಿ ಬಂಧನಕ್ಕೊಳಗಾದ ಕ್ಲಾಡೆಟ್ ಕಾಲ್ವಿನ್ ಹೆಸರು ಎಷ್ಟು ಜನಕ್ಕೆ ಗೊತ್ತು? ಆಕೆಗೆ ಆಗ 15 ವರ್ಷ. ಆಮೇಲೆ ಮದುವೆಯಿಲ್ಲದೆ ಗರ್ಭಿಣಿಯಾದಳು. ಚಿಕ್ಕ ವಯಸ್ಸು, ಬಡತನ, ಅದರ ಮೇಲೆ ಇದು. ಚಳವಳಿಯ ಮುಖವಾಗಿ ಅವಳನ್ನು ತೋರಿಸಲು ನಾಯಕರು ಮುಂದೆ ಬರಲಿಲ್ಲ. ಆದರೆ ಬಸ್ಸುಗಳಲ್ಲಿನ ಬಣ್ಣಭೇದವನ್ನು ಕೊನೆಗೂ ಮುರಿದ 1956ರ ಮೊಕದ್ದಮೆಯಲ್ಲಿ ಕೋರ್ಟಿಗೆ ಬಂದು ಸಾಕ್ಷಿ ಹೇಳಿದ ಅರ್ಜಿದಾರರಲ್ಲಿ ಅವಳೂ ಒಬ್ಬಳು.

ಮಾತಾಡಿದವರು ಆಗಲೂ ಇದ್ದರು. 1920ರ ದಶಕದಲ್ಲೇ ಮಾ ರೇನಿ, ಬೆಸ್ಸಿ ಸ್ಮಿತ್ ಅವರಂಥ ಬ್ಲೂಸ್ ಗಾಯಕಿಯರು ತಮ್ಮ ಆಸೆ, ಸಿಟ್ಟು, ಬಿಟ್ಟುಹೋದ ಗಂಡಂದಿರ ಬಗ್ಗೆ ಮುಚ್ಚುಮರೆಯಿಲ್ಲದೆ ಹಾಡಿದರು. ಬಡ, ದುಡಿಯುವ ಹೆಂಗಸರ ಸ್ತ್ರೀವಾದ ಈ ಹಾಡುಗಳಲ್ಲಿತ್ತು ಎಂದು ಏಂಜೆಲಾ ಡೇವಿಸ್ 1998ರಲ್ಲಿ ಒಂದು ಪುಸ್ತಕವನ್ನೇ ಬರೆದರು.

2020ರ ಆಗಸ್ಟ್‌ಗೆ ಬರೋಣ. ಕಾರ್ಡಿ ಬಿ ಮತ್ತು ಮೇಗನ್ ದಿ ಸ್ಟಾಲಿಯನ್ ಸೇರಿ ಹಾಡಿದ ‘ಡಬ್ಲ್ಯುಎಪಿ’ ಬಂತು. ಹೆಣ್ಣಿನ ಕಾಮದ ಬಗ್ಗೆ ಯಾವ ಪರದೆಯೂ ಇಲ್ಲದ ರ‍್ಯಾಪ್ ಅದು. ಮೊದಲ ವಾರವೇ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನ. ಬೆನ್ನಿಗೇ ಗದ್ದಲ. ಸಂಸತ್ ಚುನಾವಣೆಗೆ ನಿಂತಿದ್ದ ಒಬ್ಬ ಅಭ್ಯರ್ಥಿಯಂತೂ ಕಿವಿಗೆ ಪವಿತ್ರ ಜಲ ಸುರಿದುಕೊಳ್ಳಬೇಕು ಅನಿಸಿತು ಎಂದು ಟ್ವೀಟ್ ಮಾಡಿದರು. ದಶಕಗಳಿಂದ ಗಂಡಸರ ರ‍್ಯಾಪ್‌ನಲ್ಲಿ ಹೆಣ್ಣು ಬರೀ ಮಾಂಸವಾಗಿ ಬಂದು ಹೋಗಿದ್ದಾಳೆ. ಗಂಡಸರಿಗೆ ತೊಂದರೆಯೇ ಆಗಿಲ್ಲ ಎಂದಲ್ಲ. 1990ರಲ್ಲಿ ಫ್ಲಾರಿಡಾದ ನ್ಯಾಯಾಧೀಶರು ‘2 ಲೈವ್ ಕ್ರೂ’ ತಂಡದ ಆಲ್ಬಮ್ಮನ್ನು ಅಶ್ಲೀಲ ಎಂದು ಘೋಷಿಸಿದ್ದರು. ಆ ವಿವಾದದಲ್ಲಿ ಕಪ್ಪು ಗಂಡಸರ ಪರ ಮಾತಾಡುವವರಿದ್ದರು, ಬಿಳಿಯರ ಸಂಸ್ಕೃತಿಯ ಪರ ಮಾತಾಡುವವರಿದ್ದರು. ಹಾಡಿನ ಒಳಗೆ ಬೈಸಿಕೊಂಡ ಕಪ್ಪು ಹೆಣ್ಣುಮಕ್ಕಳ ಪರ ಯಾರಿದ್ದರು ಎಂದು ಕೇಳಿದವರು ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್ಶಾ.

ಹಾಗಾದರೆ ‘ಡಬ್ಲ್ಯುಎಪಿ’ಯೇ ವಿಮೋಚನೆಯೇ? ನನಗೆ ಹಾಗನ್ನಿಸುವುದಿಲ್ಲ. ಹಾಡು ಮಾರಾಟವಾದಷ್ಟೂ ಕಂಪನಿಗಳಿಗೆ ಲಾಭ, ಮತ್ತು ಮಾರುಕಟ್ಟೆಗೆ ಬೇಕಾಗಿರುವುದು ಹಲವು ಸಲ ಅದೇ ಹಳೇ ಜೆಜೆಬೆಲ್. ಚಿಂತಕಿ ಬೆಲ್ ಹುಕ್ಸ್ 2014ರಲ್ಲಿ ಗಾಯಕಿ ಬಿಯಾನ್ಸೆ ಅವರ ಚಿತ್ರಣ ಚಿಕ್ಕ ಹುಡುಗಿಯರ ಮೇಲೆ ಮಾಡುವ ಪರಿಣಾಮದ ಬಗ್ಗೆ ತುಂಬಾ ಖಾರವಾಗಿ ಮಾತಾಡಿದ್ದರು. ಕಪ್ಪು ಸ್ತ್ರೀವಾದಿಗಳಲ್ಲೇ ಅನೇಕರು ಅದನ್ನು ಒಪ್ಪಲಿಲ್ಲ. ಈ ಜಗಳ ಅವರ ಮನೆಯೊಳಗಿನ ಜಗಳ, ಆರೋಗ್ಯಕರ ಜಗಳ. ಹೊರಗೆ ನಿಂತು ಪವಿತ್ರ ಜಲ ಹುಡುಕುವವರಿಗೆ ಅದರಲ್ಲಿ ಪಾಲಿಲ್ಲ.

ಆ ಹಾಡು ಬರುವುದಕ್ಕೆ ಕೆಲವೇ ವಾರ ಮುಂಚೆ, 2020ರ ಜುಲೈನಲ್ಲಿ, ಮೇಗನ್ ಅವರ ಕಾಲಿಗೆ ಗುಂಡು ಬಿದ್ದಿತ್ತು. ಗುಂಡು ಹಾರಿಸಿದ್ದು ಗಾಯಕ ಟೋರಿ ಲೇನ್ಜ್ ಎಂದು ಅವರು ಹೇಳಿದರು. ಆಮೇಲೆ ಎರಡು ವರ್ಷ ಅವರು ಜಾಲತಾಣಗಳಲ್ಲಿ ಎದುರಿಸಿದ್ದು ಅಪಹಾಸ್ಯ, ಮೀಮ್‌ಗಳು, ‘ಸುಳ್ಳಿ’ ಎಂಬ ಹಣೆಪಟ್ಟಿ. ವಿಚಾರಣೆಯಲ್ಲಿ ಗುಂಡಿನಷ್ಟೇ ಚರ್ಚೆಯಾದದ್ದು ಅವರಿಗೆ ಯಾರ ಜೊತೆ ಸಂಬಂಧವಿತ್ತು ಎಂಬುದು. ಇಂಥ ಹಾಡು ಹಾಡುವವಳ ಮಾತನ್ನು ನಂಬುವುದು ಹೇಗೆ ಎಂಬ ಧಾಟಿ. 2022ರ ಡಿಸೆಂಬರ್‌ನಲ್ಲಿ ಜ್ಯೂರಿ ಲೇನ್ಜ್ ತಪ್ಪಿತಸ್ಥ ಎಂದಿತು. ಮರುವರ್ಷ 10 ವರ್ಷ ಶಿಕ್ಷೆಯಾಯಿತು. ಇದರ ನಡುವೆಯೇ, 2021ರ ಡಿಸೆಂಬರ್‌ನಲ್ಲಿ, ಮೇಗನ್ ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯದಿಂದ ಆರೋಗ್ಯ ಆಡಳಿತದಲ್ಲಿ ಪದವಿ ಪಡೆದರು. ಬ್ಯಾಕ್‌ಲಾಗ್ ಉಳಿಸಿಕೊಂಡು ಕೂತ ನಮ್ಮಂಥವರು ಇದನ್ನೂ ಗಮನಿಸಬೇಕು.

ನಂಬಿಕೆಯ ಈ ಪ್ರಶ್ನೆ ಖ್ಯಾತಿ, ಹಣ ಯಾವುದೂ ಇಲ್ಲದವರ ಬದುಕಿನಲ್ಲಿ ಇನ್ನೂ ಕ್ರೂರ. ಒಕ್ಲಹೋಮಾ ಸಿಟಿಯ ಪೊಲೀಸ್ ಅಧಿಕಾರಿ ಡೇನಿಯಲ್ ಹೋಲ್ಟ್ಸ್‌ಕ್ಲಾ ವಿರುದ್ಧ 13 ಕಪ್ಪು ಮಹಿಳೆಯರು ಲೈಂಗಿಕ ದೌರ್ಜನ್ಯದ ಸಾಕ್ಷ್ಯ ಹೇಳಿದರು. ಅವರಲ್ಲಿ ಬಹಳಷ್ಟು ಜನ ಬಡವರು, ಮಾದಕ ವಸ್ತು ಇಲ್ಲವೇ ಹಳೇ ಪ್ರಕರಣಗಳ ಸುಳಿಯಲ್ಲಿ ಸಿಕ್ಕಿದ್ದವರು. ಇವರ ಮಾತನ್ನು ಯಾರೂ ನಂಬುವುದಿಲ್ಲ ಎಂಬ ಲೆಕ್ಕದಲ್ಲೇ ಅವನು ಅವರನ್ನು ಆರಿಸಿಕೊಂಡಿದ್ದ ಎಂದು ಪ್ರಾಸಿಕ್ಯೂಷನ್ ವಾದಿಸಿತು. ಅವನು ಸಿಕ್ಕಿಬಿದ್ದದ್ದು ಯಾವ ಕೇಸೂ ಇಲ್ಲದ, 57 ವರ್ಷದ ಅಜ್ಜಿಯೊಬ್ಬರು 2014ರಲ್ಲಿ ದೂರು ಕೊಟ್ಟಾಗ. 2016ರಲ್ಲಿ ಅವನಿಗೆ 263 ವರ್ಷ ಜೈಲು ಶಿಕ್ಷೆಯಾಯಿತು. ಆ ಅಜ್ಜಿ ಅಂದು ಆ ದಾರಿಯಲ್ಲಿ ಹೋಗದಿದ್ದರೆ?

ಮಕ್ಕಳನ್ನೂ ಈ ಕಥೆ ಬಿಡುವುದಿಲ್ಲ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಕೇಂದ್ರ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 325 ವಯಸ್ಕರನ್ನು ಕೇಳಿದಾಗ, ಅದೇ ವಯಸ್ಸಿನ ಬಿಳಿಯ ಹುಡುಗಿಯರಿಗಿಂತ ಕಪ್ಪು ಹುಡುಗಿಯರು ಕಡಿಮೆ ಮುಗ್ಧರು, ಲೈಂಗಿಕತೆಯ ಬಗ್ಗೆ ಹೆಚ್ಚು ತಿಳಿದವರು ಎಂಬ ಭಾವನೆ ಕಂಡುಬಂತು. ಐದು ವರ್ಷದ ಮಗುವಿನಿಂದಲೇ ಇದು ಶುರು.

ನಮ್ಮ ಓದಿಗೆ ಹತ್ತಿರದ ಇನ್ನೊಂದು ವಿಷಯ. ಸಫಿಯಾ ಉಮೋಜಾ ನೋಬಲ್ ಎಂಬ ಪ್ರಾಧ್ಯಾಪಕಿ ಮನೆಯ ಹೆಣ್ಣುಮಕ್ಕಳಿಗೆ ಇಷ್ಟವಾಗುವಂಥದ್ದು ಏನಾದರೂ ಸಿಗಬಹುದೆಂದು ಗೂಗಲ್‌ನಲ್ಲಿ ‘ಬ್ಲ್ಯಾಕ್ ಗರ್ಲ್ಸ್’ ಎಂದು ಹುಡುಕಿದರು. ಮೊದಲು ಬಂದದ್ದು ಅಶ್ಲೀಲ ಜಾಲತಾಣ. ಅವರು ‘ಸೆಕ್ಸ್’ ಎಂಬ ಪದ ಹಾಕಿರಲಿಲ್ಲ, ಬರೀ ‘ಹುಡುಗಿಯರು’ ಎಂದಿದ್ದರು. 2018ರ ಅವರ ಪುಸ್ತಕ ಶುರುವಾಗುವುದೇ ಇಂಥ ಹುಡುಕಾಟಗಳಿಂದ. ಗೂಗಲ್ ಆಮೇಲೆ ಅದನ್ನು ಸರಿಪಡಿಸಿತು. ಆದರೆ ಯಾವ ಎಂಜಿನಿಯರೂ ಬೇಕೆಂದು ಹಾಗೆ ಕೋಡ್ ಬರೆದಿರಲಾರ. ಜನ ಏನು ಕ್ಲಿಕ್ ಮಾಡುತ್ತಾರೆ, ಯಾರು ಯಾವ ಪದಕ್ಕೆ ದುಡ್ಡು ಸುರಿಯುತ್ತಾರೆ ಎಂಬುದರಿಂದ ಯಂತ್ರ ಕಲಿಯಿತು. ಡೇಟಾ ಸುಳ್ಳು ಹೇಳುವುದಿಲ್ಲ ಎಂದು ಕ್ಲಾಸಿನಲ್ಲಿ ಕೇಳುತ್ತೇವೆ. ಇಲ್ಲಿ ಡೇಟಾ ಹೇಳಿದ್ದು ಮುನ್ನೂರು ವರ್ಷದ ಹಳೇ ಸುಳ್ಳನ್ನು.

ಇದೆಲ್ಲ ಅಮೆರಿಕದ ರಗಳೆ ಎನ್ನುವಂತಿಲ್ಲ. ಈ ಕಥೆ ಸಿನಿಮಾ, ಇಂಟರ್‌ನೆಟ್, ಬಣ್ಣದ ಬಗ್ಗೆ ನಮಗೇ ಇರುವ ತಾತ್ಸಾರ ಎಲ್ಲವನ್ನೂ ಬಳಸಿಕೊಂಡು ಇಲ್ಲಿಗೂ ಬಂದಿದೆ. 2014ರ ಜನವರಿಯಲ್ಲಿ ದೆಹಲಿಯ ಖಿಡ್ಕಿ ಎಕ್ಸ್‌ಟೆನ್ಷನ್‌ನಲ್ಲಿ ವಾಸವಿದ್ದ ಆಫ್ರಿಕಾದ ಮಹಿಳೆಯರು ವೇಶ್ಯಾವಾಟಿಕೆ, ಮಾದಕ ವಸ್ತು ದಂಧೆಯಲ್ಲಿದ್ದಾರೆ ಎಂದು ಮಧ್ಯರಾತ್ರಿ ಒಂದು ಗುಂಪು ದಾಳಿ ಮಾಡಿತು. ಜೊತೆಗಿದ್ದವರು ದೆಹಲಿಯ ಆಗಿನ ಕಾನೂನು ಸಚಿವರು! ಮಹಿಳೆಯರನ್ನು ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಲಾಯಿತು. ಮೈಬಣ್ಣ ನೋಡಿಯೇ ಕಸುಬು ತೀರ್ಮಾನವಾಗಿತ್ತು.

ಬೆಂಗಳೂರಿನಲ್ಲಿ, ಹೆಸರಘಟ್ಟ ರಸ್ತೆಯ ಬಳಿ, 2016ರ ಜನವರಿ 31ರ ರಾತ್ರಿ ಸುಡಾನ್‌ನ ಒಬ್ಬ ವ್ಯಕ್ತಿಯ ಕಾರು ಡಿಕ್ಕಿಯಾಗಿ ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ. ಆಕೆಗೆ ಆಗ 21, ನಮ್ಮಂತೆಯೇ ಪದವಿ ಓದಲು ಬಂದವಳು. ಹೊಡೆದರು, ಮೈಮೇಲಿನ ಬಟ್ಟೆ ಹರಿದರು. ಮುಂದಿನ ದಿನಗಳಲ್ಲಿ ಇಲ್ಲಿ ನಡೆದ ದೊಡ್ಡ ಚರ್ಚೆ, ಆಕೆಯನ್ನು ನಿಜಕ್ಕೂ ಬೆತ್ತಲೆ ಮಾಡಿದ್ದರೇ ಇಲ್ಲವೇ ಎಂಬುದರ ಬಗ್ಗೆ. ಆಕೆಯ ದೂರಿನಲ್ಲಿ ಇನ್ನೊಂದು ಸಂಗತಿಯೂ ಇತ್ತು. ಮೈ ಮುಚ್ಚಿಕೊಳ್ಳಲಿ ಎಂದು ತನ್ನ ಟಿ–ಶರ್ಟ್ ಕೊಡಲು ಬಂದ ಒಬ್ಬ ದಾರಿಹೋಕನನ್ನೂ ಆ ಗುಂಪು ಹೊಡೆದಿತ್ತು.