ಪಾಠ ಮಾಡಲು ಕಲಿಸದೆ ತರಗತಿಗೆ ಕಳಿಸುವುದು

ಹೈಸ್ಕೂಲಿನಲ್ಲಿ ಬೀಜಗಣಿತ ಹೇಳಿಕೊಡಬೇಕಾದವರು ಬಿ.ಎಡ್. ಮಾಡಿರಬೇಕು. ಪಾಠಯೋಜನೆ ಬರೆದು, ಮಕ್ಕಳ ಮುಂದೆ ನಿಂತು ಪಾಠ ಮಾಡಿ, ಹಿಂದಿನ ಬೆಂಚಿನಲ್ಲಿ ಕೂತ ಮೇಲ್ವಿಚಾರಕರಿಂದ ತಿದ್ದಿಸಿಕೊಂಡಿರಬೇಕು. ಅದೇ ಮಕ್ಕಳು ಮೂರು ವರ್ಷ ಕಳೆದು ಪದವಿ ಕಾಲೇಜಿಗೆ ಬಂದಾಗ ಅವರ ಮುಂದೆ ನಿಲ್ಲುವವರಿಗೆ ಇಂಥ ಯಾವ ಕಟ್ಟಳೆಯೂ ಇಲ್ಲ. ಸ್ನಾತಕೋತ್ತರ ಪದವಿ ಮತ್ತು ನೆಟ್ ಅಥವಾ ಕೆಸೆಟ್ ಇದ್ದರೆ ಸಾಕು. ಆ ಪರೀಕ್ಷೆಯ ಮೊದಲ ಪತ್ರಿಕೆಯ ಹತ್ತು ಘಟಕಗಳಲ್ಲಿ ಬೋಧನೆಗೆ ಸಿಕ್ಕಿರುವುದು ಒಂದು. ಅದನ್ನೂ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿ ಮುಗಿಸಬಹುದು. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ನಡೆಸುತ್ತಿರುವ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ವಿಚಾರದಲ್ಲಿ ವರ್ಷಗಳಿಂದ ಜಗಳ ನಡೆದಿದೆ. ಯುಜಿಸಿ ಅರ್ಹತೆ ಇದ್ದವರೆಷ್ಟು, ಇಲ್ಲದವರೆಷ್ಟು, ಗೌರವಧನ ಎಷ್ಟು, ಸೇವಾ ಭದ್ರತೆ ಯಾರಿಗೆ ಎಂಬ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಆದರೆ ಇವರಿಗೆ ಪಾಠ ಮಾಡುವುದನ್ನು ಯಾರಾದರೂ ಕಲಿಸಿದ್ದಾರೆಯೇ ಎಂದು ಎರಡೂ ಕಡೆಯವರು ಕೇಳಿಲ್ಲ. ಆ ಹೊಣೆ ಇರುವುದು ಇವರನ್ನು ತಯಾರು ಮಾಡಿದ ವಿಶ್ವವಿದ್ಯಾಲಯಗಳ ಮೇಲೆ, ಮತ್ತು ಅದನ್ನು ಹೊರಬೇಕಾದ ಕಾಲ ಸಂಶೋಧನಾ ವಿದ್ಯಾರ್ಥಿಯ ದಿನಗಳೇ.

ಇದು ಹೊಸ ಬೇಡಿಕೆಯೇನಲ್ಲ. ಪಿಎಚ್.ಡಿ.ಗೆ ಸೇರುವ ಪ್ರತಿಯೊಬ್ಬರೂ ತಮ್ಮ ವಿಷಯದ ಬೋಧನಾ ವಿಧಾನವನ್ನು ಕಲಿಯಬೇಕು, ಬೋಧನಾ ಸಹಾಯಕರಾಗಿ ನಿಜವಾದ ತರಗತಿಯ ಅನುಭವ ಪಡೆಯಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಯುಜಿಸಿ 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯಲ್ಲಿ ಅದಕ್ಕೆ ಜಾಗವನ್ನೂ ಕೊಟ್ಟಿತು. ವಾರಕ್ಕೆ ನಾಲ್ಕರಿಂದ ಆರು ಗಂಟೆ ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನದ ಕೆಲಸ ವಹಿಸಬಹುದು ಎಂದಿತು. ತೊಂದರೆ ಇರುವುದು ಆ ನಿಯಮದ ಸಡಿಲಿನಲ್ಲಿ. ತರಬೇತಿ ಕಡ್ಡಾಯ, ನಿಜ. ಆದರೆ ಬೋಧನೆಯ ಪಕ್ಕದಲ್ಲೇ ಓರೆಗೆರೆ ಹಾಕಿ ಬರವಣಿಗೆಯನ್ನೂ ಸೇರಿಸಿರುವುದರಿಂದ, ಎರಡು ದಿನದ ಪ್ರಬಂಧ ಲೇಖನ ಕಮ್ಮಟ ನಡೆಸಿದ ವಿಶ್ವವಿದ್ಯಾಲಯವೂ ನಿಯಮ ಪಾಲಿಸಿದೆನೆಂದು ಹೇಳಿಕೊಳ್ಳಬಹುದು. ತರಬೇತಿ ಕೊಡುವವರು ಯಾರು, ಎಷ್ಟು ಗಂಟೆ, ಕಲಿತದ್ದನ್ನು ಅಳೆಯುವುದು ಹೇಗೆ ಎಂಬುದನ್ನು ನಿಯಮ ಬಿಡಿಸಿ ಹೇಳುವುದಿಲ್ಲ.

ವಿಷಯ ಬಲ್ಲವನಿಗೆ ಪಾಠ ತಾನಾಗಿ ಬರುತ್ತದೆ, ಉಳಿದದ್ದು ಅನುಭವದಿಂದ ಬರುತ್ತದೆ ಎಂಬ ನಂಬಿಕೆ ನಮ್ಮ ವಿಭಾಗಗಳಲ್ಲಿ ಬಲವಾಗಿದೆ. ಇದನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗವೊಂದಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಅದರ ಫಲಿತಾಂಶ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೈಮನ್ ಅದರ ಲೇಖಕರಲ್ಲೊಬ್ಬರು. ಮೊದಲ ವರ್ಷದ ಭೌತಶಾಸ್ತ್ರದ ಒಂದೇ ಭಾಗವನ್ನು ಒಂದು ತರಗತಿಗೆ ಒಳ್ಳೆಯ ಹೆಸರಿದ್ದ ಹಿರಿಯ ಪ್ರಾಧ್ಯಾಪಕರು ಉಪನ್ಯಾಸದಲ್ಲಿ ಹೇಳಿದರು. ಇನ್ನೊಂದಕ್ಕೆ, ಬೋಧನೆಯ ಅನುಭವ ಕಡಿಮೆಯಿದ್ದರೂ ಬೋಧನಾ ವಿಧಾನದಲ್ಲಿ ತರಬೇತಿ ಪಡೆದಿದ್ದ ಯುವ ಸಂಶೋಧಕರು ಪ್ರಶ್ನೆ, ಚರ್ಚೆ, ತಕ್ಷಣದ ತಿದ್ದುಪಡಿಯ ಮೂಲಕ ಕಲಿಸಿದರು. ವಾರದ ಕೊನೆಯ ಪರೀಕ್ಷೆಯಲ್ಲಿ ಮೊದಲ ತರಗತಿಯ ಸರಾಸರಿ ಶೇ 41, ಎರಡನೆಯದರದು ಶೇ 74. ಒಂದು ವಾರದ ಪ್ರಯೋಗ, ಹೊಸತನದ ಹುರುಪೂ ಸೇರಿರಬಹುದು ಎಂಬ ಟೀಕೆ ಸರಿಯೇ. ಆ ಅಂತರದಲ್ಲಿ ಅರ್ಧವನ್ನು ಹುರುಪಿನ ಲೆಕ್ಕಕ್ಕೆ ಬಿಟ್ಟುಕೊಟ್ಟರೂ, ಅನುಭವವೊಂದೇ ಸಾಕೆಂಬ ವಾದ ನಿಲ್ಲುವುದಿಲ್ಲ.

ತರಬೇತಿಗಿಂತ ಹೆಚ್ಚು ಕೆಟ್ಟಿರುವುದು ಬೋಧನೆಯ ಮೌಲ್ಯಮಾಪನ. ನ್ಯಾಕ್ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ತನ್ನ ಮಾನದಂಡಗಳಲ್ಲಿ ಸೇರಿಸಿದ ಮೇಲೆ ಅಭಿಪ್ರಾಯ ನಮೂನೆ ತುಂಬಿಸುವುದು ಕಾಲೇಜುಗಳಿಗೆ ಸುಲಭದ ದಾರಿಯಾಗಿದೆ. ಆ ನಮೂನೆ ಎಷ್ಟು ನಂಬಿಕೆಗೆ ಅರ್ಹ ಎಂಬುದಕ್ಕೆ ಅಮೆರಿಕದ ನಾರ್ತ್ ಕೆರೊಲಿನಾದಿಂದ ಬಂದ ಅಧ್ಯಯನವೊಂದನ್ನು ನೋಡಬೇಕು. ಆನ್‌ಲೈನ್ ಕೋರ್ಸೊಂದರಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಸಹಾಯಕ ಬೋಧಕರು ತಲಾ ಎರಡು ಗುಂಪು ನಡೆಸಿದರು, ಒಂದರಲ್ಲಿ ತಮ್ಮ ಗುರುತಿನಲ್ಲಿ, ಇನ್ನೊಂದರಲ್ಲಿ ಪರಸ್ಪರರ ಗುರುತಿನಲ್ಲಿ. ಉತ್ತರಪತ್ರಿಕೆ ತಿದ್ದಿ ಹಿಂತಿರುಗಿಸಿದ್ದು ಎಲ್ಲ ಗುಂಪಿಗೂ ಒಂದೇ ಹೊತ್ತಿಗೆ. ಆದರೂ ಚುರುಕುತನಕ್ಕೆ ವಿದ್ಯಾರ್ಥಿಗಳು ಐದರಲ್ಲಿ ಕೊಟ್ಟ ಅಂಕ ಪುರುಷ ಎಂದುಕೊಂಡವರಿಗೆ 4.35, ಮಹಿಳೆ ಎಂದುಕೊಂಡವರಿಗೆ 3.55. ಗುಂಪುಗಳು ಚಿಕ್ಕವು, ಇದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಆದರೆ ಕೆನಡಾದ ರೈಯರ್ಸನ್ ವಿಶ್ವವಿದ್ಯಾಲಯದ ವ್ಯಾಜ್ಯದಲ್ಲಿ 2018ರಲ್ಲಿ ಮಧ್ಯಸ್ಥಿಕೆದಾರರು ಸಾಕ್ಷ್ಯಗಳನ್ನೆಲ್ಲ ಕೇಳಿ, ಬಡ್ತಿ ಮತ್ತು ಕಾಯಮಾತಿಗಾಗಿ ಬೋಧನೆಯ ಪರಿಣಾಮವನ್ನು ಈ ನಮೂನೆಗಳಿಂದ ಅಳೆಯಬಾರದೆಂದು ತೀರ್ಪಿತ್ತರು. ಜಾತಿ, ಊರು, ಉಚ್ಚಾರಣೆಯನ್ನು ಮೊದಲ ಮಾತಿನಲ್ಲೇ ಅಳೆಯುವ ನಮ್ಮ ಸಮಾಜದಲ್ಲಿ ಇದರ ಅಪಾಯ ಇನ್ನೂ ಹೆಚ್ಚು. ವಿದ್ಯಾರ್ಥಿಗಳ ಮಾತು ಕೇಳಲೇಬೇಕು. ಮೇಷ್ಟ್ರು ತರಗತಿಗೆ ಬಂದರೋ ಇಲ್ಲವೋ, ಅರ್ಥವಾಗದಿದ್ದುದು ಯಾವುದು ಎಂಬುದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು. ಯುವ ಬೋಧಕರ ಭವಿಷ್ಯ ತೀರ್ಮಾನಿಸುವ ಅಂಕವಾಗಿ ಅದನ್ನು ಬಳಸುವುದು ಮಾತ್ರ ಅನ್ಯಾಯ. ಅದರ ಬದಲು ವಿಭಾಗದ ಇಬ್ಬರು ಹಿರಿಯರು ಸೆಮಿಸ್ಟರಿನಲ್ಲಿ ಎರಡು ಸಲವಾದರೂ ತರಗತಿಯಲ್ಲಿ ಕೂತು ನೋಡಲಿ, ತಿದ್ದಿದ ಪತ್ರಿಕೆಗಳನ್ನು ಪರಿಶೀಲಿಸಲಿ, ಕಂಡದ್ದನ್ನು ಬರೆದುಕೊಡಲಿ, ಅದಕ್ಕೆ ಉತ್ತರಿಸುವ ಅವಕಾಶವೂ ಇರಲಿ.

ಸಂಶೋಧನೆಗೆ ಸಿಗುವ ಸಮಯವನ್ನು ಬೋಧನೆಯ ತರಬೇತಿ ತಿನ್ನುತ್ತದೆ ಎಂಬುದು ಮಾರ್ಗದರ್ಶಕರ ದೂರು. 2011ರಲ್ಲೇ ‘ಸೈನ್ಸ್’ನಲ್ಲಿ ಬಂದ ಇನ್ನೊಂದು ಅಧ್ಯಯನ ಬೇರೆಯದನ್ನೇ ತೋರಿಸಿತು: ಬರೀ ಸಂಶೋಧನೆ ಮಾಡಿದವರಿಗಿಂತ ಅದರ ಜೊತೆಗೆ ಪಾಠವನ್ನೂ ಮಾಡಿದ ವಿಜ್ಞಾನ ವಿದ್ಯಾರ್ಥಿಗಳು ಪರೀಕ್ಷಿಸಬಲ್ಲ ಊಹೆ ಕಟ್ಟುವುದರಲ್ಲಿ, ಪ್ರಯೋಗ ರೂಪಿಸುವುದರಲ್ಲಿ ಹೆಚ್ಚು ಮುಂದುವರಿದಿದ್ದರು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ತರಬೇತಿಯ ಹೆಸರಿನಲ್ಲಿ ಖಾಲಿ ಹುದ್ದೆಗಳ ಪಾಠವನ್ನೆಲ್ಲ ಸಂಶೋಧನಾ ವಿದ್ಯಾರ್ಥಿಗಳ ತಲೆಗೆ ಕಟ್ಟುತ್ತಾರೆ ಎಂಬ ಭಯ ಅದು. ಅತಿಥಿ ಉಪನ್ಯಾಸಕರನ್ನು ವರ್ಷಗಟ್ಟಲೆ ತಾತ್ಕಾಲಿಕವಾಗಿಯೇ ದುಡಿಸಿಕೊಂಡ ರಾಜ್ಯದಲ್ಲಿ ಈ ಭಯಕ್ಕೆ ಆಧಾರವಿದೆ. ಆದ್ದರಿಂದ ಆರು ಗಂಟೆಯ ಮಿತಿಯನ್ನು ಮುರಿಯಲಾಗದ ಗೆರೆಯಾಗಿ ಮಾಡಬೇಕು, ಆ ಗಂಟೆಗಳಿಗೆ ಸಂಭಾವನೆ ಕೊಡಬೇಕು. ಫೆಲೋಶಿಪ್ ಇಲ್ಲದೆ ಓದುವ ಹಳ್ಳಿಯ ಹುಡುಗ ಹುಡುಗಿಯರಿಗೆ ಪುಕ್ಕಟೆ ದುಡಿಮೆಯನ್ನು ತರಬೇತಿ ಎಂದು ಕರೆದು ಕೊಡುವುದಾದರೆ ಈ ಯೋಜನೆಯೇ ಬೇಡ.

ಕಲಿಸುವವರು ಎಲ್ಲಿದ್ದಾರೆ ಎಂದು ಕೇಳುವವರು ತಮ್ಮ ಆವರಣದಲ್ಲೇ ನೋಡಬಹುದು. ಬೆಂಗಳೂರು, ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣ ವಿಭಾಗಗಳಿವೆ. ಮೈಸೂರಿನಲ್ಲಿ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇದೆ. ಅವುಗಳ ಅನುಭವ ವಿಜ್ಞಾನ, ವಾಣಿಜ್ಯ ವಿಭಾಗಗಳ ಬಾಗಿಲು ದಾಟಬೇಕು. ನಮ್ಮ ತರಬೇತಿಯಲ್ಲಿ ಹೊರಗಿನ ಯಾವ ಕೈಪಿಡಿಯಲ್ಲೂ ಸಿಗದ ಒಂದು ಪಾಠ ಇರಲೇಬೇಕು. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಬಂದವರು ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಇಂಗ್ಲಿಷ್ ಸೂಚನೆಗಳ ಮುಂದೆ ಬಾಯಿ ಬಿಡದೆ ನಿಂತಾಗ, ಪರಿಕಲ್ಪನೆಯನ್ನು ಕನ್ನಡದಲ್ಲಿ ಬಿಡಿಸಿ, ಮತ್ತೆ ಪರೀಕ್ಷೆಯ ಇಂಗ್ಲಿಷಿಗೆ ಅವರನ್ನು ಕರೆದೊಯ್ಯುವ ವಿದ್ಯೆ ಅದು. ಆ ದಾರಿಯನ್ನು ತಾವೇ ನಡೆದು ಬಂದ ಸಂಶೋಧನಾ ವಿದ್ಯಾರ್ಥಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಗೊತ್ತಿರುವುದನ್ನು ವಿಧಾನವಾಗಿ ರೂಪಿಸುವ ಕೆಲಸ ಬಾಕಿ ಇದೆ. 2022ರ ನಿಯಮಾವಳಿಯಡಿ ಸೇರಿದ ಮೊದಲ ತಂಡಗಳಿಗೆ ಕನಿಷ್ಠ ಅವಧಿಯಾದ ಮೂರು ವರ್ಷ ತುಂಬಿದೆ. ಅವರಲ್ಲಿ ಎಷ್ಟು ಮಂದಿಗೆ ಬೋಧನೆ ಕಲಿಸಿದೆವು, ಯಾರು ಕಲಿಸಿದರು, ಯಾರು ತರಗತಿಯಲ್ಲಿ ಕೂತು ನೋಡಿದರು ಎಂಬ ಲೆಕ್ಕವನ್ನು ಪ್ರತಿ ರಾಜ್ಯ ವಿಶ್ವವಿದ್ಯಾಲಯವೂ ತನ್ನ ಮುಂದಿನ ವಿದ್ಯಾವಿಷಯಕ ಪರಿಷತ್ತಿನ ಸಭೆಯಲ್ಲಿ ಮಂಡಿಸಿ, ಸಾರ್ವಜನಿಕರಿಗೂ ತೆರೆದಿಡಬೇಕು.